ಖಾಲಿ ಟಂಟಂಗೆ ಮೊದಲು ಹತ್ತುವವರು ಯಾರು?

“ನಮ್ಮ ಮಾವಾರು ಏನ್ ಕೆಲಸ ಮಾಡ್ತಾರಂದ್ರ, ಹಾರ್ನ್ ಹೊಡೀತಾರ್ರೀ!”

ಗಂಗಾಧರ ಈ ಮಾತನ್ನು ಆಡಿದ್ದು ಸಿಂಧನೂರಿನ ತನ್ನ ಅಪ್ಪನ ಮನೆಯ ಪಡಸಾಲೆಯಲ್ಲಿ, ಅಕ್ಕನ ಮಗಳಿಗೆ ಹೆಸರಿಡುವ ದಿನ, ತೊಟ್ಟಿಲ ಸುತ್ತ ನಲವತ್ತು ಮಂದಿ ಹೋಳಿಗೆ ಉಣ್ಣುತ್ತಿದ್ದಾಗ. ಸಾಲಗುಂದದಿಂದ ಬಂದಿದ್ದ ನೆಂಟ ಶರಣಬಸವ, “ಕೂಸಿನ ಅಪ್ಪ ಏನ್ ಮಾಡ್ತಾರ?” ಎಂದು ಸುಮ್ಮನೆ ಬಾಯಿಮಾತಿಗೆ ಕೇಳಿದ್ದ. ಆದರೆ ಗಂಗಾಧರನಿಗೆ ಲಿಂಗಸುಗೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನ ನೌಕರಿ ಸಿಕ್ಕು ಹತ್ತು ತಿಂಗಳಾಗಿತ್ತು. ಆ ಹತ್ತು ತಿಂಗಳಿಂದ ಅವನು ಯಾವ ಪ್ರಶ್ನೆಯನ್ನೂ ಒಂದೇ ಸಾಲಿನ ಉತ್ತರಕ್ಕೆ ಬಿಟ್ಟಿರಲಿಲ್ಲ.

“ಅಲ್ರೀ, ಮಂದಿ ತಾವಾ ಬರ್ತಾರ, ತಾವಾ ಹತ್ತಿ ಕುಂದ್ರತಾರ, ಊರು ಬಂದ್ರ ತಾವಾ ಇಳೀತಾರ. ಗಾಡಿ ಡೀಸೆಲ್ ಮ್ಯಾಲೆ ಹೊಕ್ಕತಿ. ನಡಕ ಮಾವಾರದು ಏನೈತಿ ಕೆಲಸ? ಹಾರ್ನ್!”

ನಲವತ್ತು ಮಂದಿ ನಕ್ಕರು. ತೊಟ್ಟಿಲಲ್ಲಿದ್ದ ಕೂಸೂ ನಕ್ಕಿತೆಂದು ಕನಕರಾಯನಿಗೆ ಅನುಮಾನ ಬಂತು.

ಕೂಸಿನ ಅಪ್ಪ ಕನಕರಾಯ ಮಸ್ಕಿಯವನು. ಮಸ್ಕಿಯಿಂದ ಲಿಂಗಸುಗೂರಿಗೆ ಟಂಟಂ, ಅಂದರೆ ಮಂದಿಯನ್ನು ತುಂಬಿಕೊಂಡು ಹೋಗುವ ಮೂರು ಗಾಲಿಯ ಗಾಡಿ, ಓಡಿಸುತ್ತಿದ್ದ. ಎಂಟನೇ ತರಗತಿಯಲ್ಲಿ ಲೆಕ್ಕದ ಮಾಸ್ತರರು “ನಿನ್ನ ತಲ್ಯಾಗ ಏನೈತಿ?” ಎಂದು ಕೇಳಿದ್ದಕ್ಕೆ ಸಿಟ್ಟಾಗಿ ಶಾಲೆಯಿಂದ ಎದ್ದು ಬಂದವನು, ಇನ್ನೂ ಆ ಪ್ರಶ್ನೆಗೆ ತಕ್ಕ ಉತ್ತರ ಹುಡುಕುತ್ತಿದ್ದ. ಈಗ ಅವನು ಅರ್ಧ ತಿಂದ ಹೋಳಿಗೆಯನ್ನು ಕೈಯಲ್ಲಿ ಹಿಡಿದೇ ಎದ್ದು ನಿಂತ.

“ಕೇಳ್ರೆಪ್ಪೋ ಎಲ್ಲಾರೂ! ಲಿಂಗಸೂರಾಗ ನನ್ನ ಹೆಸರಿನ ಬೋರ್ಡ್ ಏಳಬೇಕು. ಲೈಟ್ ಹತ್ತೋ ಬೋರ್ಡ್! ಅದು ಏಳೋತನಾ ಹೆಂಡ್ತಿ ಮಗಳನ್ನ ಕರಕೊಂಡು ಹೋಗಾಕ ಈ ಹೊಸ್ತಿಲ ತುಳದ್ರ ನಾ ತಿಮ್ಮವ್ವನ ಮಗನ ಅಲ್ಲ!”

“ಲೇ, ನಿನ್ನ ಸಿಟ್ಟಿಗೆ ನನ್ನ್ಯಾಕ ಸಾಕ್ಷಿ ಕರೀತೀ?” ಎಂದಳು ಮೂಲೆಯಲ್ಲಿ ಕೂತಿದ್ದ ತಿಮ್ಮವ್ವ.

ಒಳಬಾಗಿಲಲ್ಲಿ ನಿಂತಿದ್ದ ದುರ್ಗಾದೇವಿ, “ಐದನೇ ತಿಂಗಳಿಗೆ ಕರಕೊಂಡು ಹೋಗ್ತೀನಂದಿದ್ರಲ್ರೀ…” ಎನ್ನುವಷ್ಟರಲ್ಲಿ ಗಂಡ ಬೀದಿಗೆ ಇಳಿದಿದ್ದ. ಹೋಳಿಗೆ ಕೈಯಲ್ಲೇ ಇತ್ತು. ಅದನ್ನು ಎಸೆದರೆ ಸಿಟ್ಟು ಎದ್ದು ಕಾಣುತ್ತಿತ್ತು, ಆದರೆ ಹೋಳಿಗೆ ಚೆನ್ನಾಗಿತ್ತು.

ಬೋರ್ಡ್ ಸರಿ, ಯಾತರ ಬೋರ್ಡ್? ಆಣೆ ಇಡುವಾಗ ಕನಕರಾಯ ಅದನ್ನು ಯೋಚಿಸಿರಲಿಲ್ಲ. ಆಣೆ ಇಡುವ ಜಾತಿಯ ಮನುಷ್ಯರು ಹಾಗೆಲ್ಲ ಯೋಚಿಸುವುದಿಲ್ಲ. ಮಸ್ಕಿಗೆ ಮರಳುವ ದಾರಿಯುದ್ದಕ್ಕೂ ಅವನಿಗೆ ಒಂದೇ ಸಂಕಟ. ಎರಡು ಸಾವಿರ ವರ್ಷದ ಕೆಳಗೆ ಎಲ್ಲಿಂದಲೋ ಬಂದ ಅಶೋಕ ಮಹಾರಾಜ ಮಸ್ಕಿಯ ಬಂಡೆಯ ಮೇಲೆ ತನ್ನ ಹೆಸರು ಕೆತ್ತಿಸಿ ಹೋಗಿದ್ದಾನೆ. ಮಸ್ಕಿಯಲ್ಲೇ ಹುಟ್ಟಿದ ತನಗೆ ಒಂದು ತಗಡಿನ ಬೋರ್ಡ್ ಇಲ್ಲ.

ಬೋರ್ಡ್ ತಾನಾಗಿಯೇ ಬಂದು ಅವನ ಟಂಟಂ ಹತ್ತಿತು. ಮಸ್ಕಿಯ ಸ್ಟ್ಯಾಂಡಿನಲ್ಲಿ ಎರಡು ರಟ್ಟಿನ ಡಬ್ಬಿ ಹಿಡಿದುಕೊಂಡು ಹತ್ತಿದ ಹೆಣ್ಣುಮಗಳ ಹೆಸರು ಸಂಘಮಿತ್ರಾ. ರಾಯಚೂರಿನವಳು, ಹೊಸ ಫೋನ್ ಕಂಪನಿಯೊಂದರ ಏರಿಯಾ ಮ್ಯಾನೇಜರ್. ಫೋನಿನ ಹೆಸರು ಜಟಾಯು. ಲಿಂಗಸುಗೂರಿಗೆ ಒಬ್ಬ ಡೀಲರನನ್ನು ಹುಡುಕುತ್ತಿದ್ದಳು.

“ಎಲ್ಲಾ ಫೋನಿಗೂ ಮೈ ಬ್ಯಾರೆ, ಅದನ್ನ ನಡಸೋ ಸಾಫ್ಟ್ವೇರಿನ ಜೀವ ಬ್ಯಾರೆ ಇರ್ತದ,” ಎಂದು ಅವಳು ದಾರಿಯಲ್ಲಿ ತಿಳಿಸಿದಳು. “ಮೈ ಯಾವ ಕಂಪನಿದ ಇರಲಿ, ಜಗತ್ತಿನ್ಯಾಗಿರೋದು ಎರಡ ಜೀವ. ಒಂದು ಎಲ್ಲಾರ ಫೋನಿನ್ಯಾಗ, ಇನ್ನೊಂದು ಶ್ರೀಮಂತರ ಫೋನಿನ್ಯಾಗ. ನಾವು ಮೂರನೇ ಜೀವ ಮಾಡೀವಿ. ನಮ್ಮ ಮಂದಿ ಮಾಡಿದ್ದು. ಯಾರ ಮಾತೂ ಕದ್ದು ಕೇಳಂಗಿಲ್ಲ.”

“ಡಿಪಾಜಿಟ್ ಎಷ್ಟ್ರೀ ಮೇಡಮ್?”

“ಏನೂ ಇಲ್ಲ. ಒಂದು ಸಹಿ ಹಾಕ್ರಿ. ತಿಂಗಳೊಪ್ಪತ್ತಿನ್ಯಾಗ ಮೂವತ್ತು ಮಂದಿ ಈ ಫೋನ್ ಬಳಸಾಕ ಸುರು ಮಾಡಿದ್ರ ಡೀಲರ್‌ಶಿಪ್ ನಿಮಗ. ಬೋರ್ಡ್ ಕಂಪನಿದ. ನಿಮ್ಮ ಹೆಸರು ಬರೆಸಿ, ಲೈಟ್ ಹಾಕಿಸಿ ಕೊಡ್ತೀವಿ.”

ಲೈಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ಕನಕರಾಯ ಗಾಡಿಯನ್ನು ರಸ್ತೆಯ ಮಗ್ಗುಲಿಗೆ ನಿಲ್ಲಿಸಿ, ಹಿಂದೆ ಕೂತ ಹನ್ನೊಂದು ಮಂದಿ ಬೈಯುತ್ತಿದ್ದರೂ ಲೆಕ್ಕಿಸದೆ, ತೊಡೆಯ ಮೇಲೆ ಕಾಗದ ಇಟ್ಟು ಸಹಿ ಹಾಕಿದ. ಎರಡೂ ಡಬ್ಬಿ, ಅವುಗಳೊಳಗಿನ ಮೂವತ್ತು ಫೋನು, ಅವನ ಗಾಡಿಯಲ್ಲೇ ಉಳಿದವು.

ಮರುದಿನ ಮುಂಜಾನೆ ಮಸ್ಕಿಯ ಟಂಟಂ ಸ್ಟ್ಯಾಂಡಿನಲ್ಲಿ ವ್ಯಾಪಾರ ಶುರುವಾಯಿತು. ಮೊದಲು ಬಂದವನು ನಬೀಸಾಬ್. ಯಾವ ಗಾಡಿಯ ಪಾಳಿ ಯಾವಾಗ ಎಂದು ಬರೆದಿಡುವ, ‘ಲಿಂಗಸೂರ್ ಲಿಂಗಸೂರ್’ ಎಂದು ಕೂಗುವ ಹಿರಿಯ. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಅವನ ಹಿಂದೆ ಮಿರ್ಚಿ ಭಜಿ ಕರಿಯುವ ಸರ್ದಾರಬಿ, ಝಾರಿ ಸೌಟನ್ನು ಕೈಯಲ್ಲಿ ಹಿಡಿದೇ ಬಂದಳು.

“ರೊಕ್ಕ ಇಸಗೊಳ್ದ ಕಂಪನಿ ನಿನಗ ಮೂವತ್ತು ಫೋನ್ ಕೊಟ್ಟೈತಿ?” ನಬೀಸಾಬ್ ಡಬ್ಬಿಯನ್ನು ಮುಟ್ಟದೆ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. “ಲೇ ಕನಕ್ಯಾ, ಇಲಿ ಬೋನಿನ್ಯಾಗ ಕೊಬ್ಬರಿನೂ ಪುಕ್ಕಟೆನ ಇಟ್ಟಿರ್ತಾರ.”

“ನಬೀ ಚಾಚಾ, ಇದು ಮಾತು ಕದ್ದು ಕೇಳಂಗಿಲ್ಲ. ಈಗ ನಿಮ್ಮ ಹತ್ರ ಇರೋ ಫೋನು ನೀವು ಮಾತಾಡಿದ್ದೆಲ್ಲಾ ಕೇಳತೈತಂತ.”

“ಇದು ಕೇಳಂಗಿಲ್ಲ ಅಂತ ನಿನಗೆಂಗ ಗೊತ್ತಾತು? ಅದನ್ನ ಕೇಳಿದ್ಯಾ?” ಎಂದಳು ಸರ್ದಾರಬಿ.

“ನಾ ಕಳ್ಳ ಅಲ್ಲ ಅಂತ ಕರೀದಲೆ ಬಾಗಲಿಗೆ ಬಂದು ಹೇಳೋನ್ನ ಮೊದಲು ಹಿಡೀಬೇಕು,” ಎಂದ ನಬೀಸಾಬ್. “ಇರ್ಲಿ. ವಾಟ್ಸಾಪ್ ಐತೇನು?”

“ಇನ್ನಾ ಬಂದಿಲ್ಲ.”

“ಗಿರಾಕಿ ರೊಕ್ಕ ಹಾಕಿದ್ರ ಕೂಗಿ ಹೇಳೂದೈತಲ್ಲ, ಅದು?” ಸರ್ದಾರಬಿ ತನ್ನ ಭಜಿ ಬಂಡಿಯ ಮೇಲಿನ ಮಾತಾಡುವ ಡಬ್ಬಿ ತೋರಿಸಿದಳು.

“ಬರಾಕತ್ತೈತಿ.”

“ಎಲ್ಲೀತನಾ ಬಂದೈತಿ?”

“ಬರ್ತೈತಿ ಖಾಲಾ! ಮಂದಿ ಈ ಫೋನ್ ತಗೊಂಡ್ರ ಅವೆಲ್ಲಾ ತಾವಾ ಬರ್ತಾವ.”

“ಮಂದಿ ಯಾವಾಗ ತಗೋತಾರ?”

“ಅವೆಲ್ಲಾ ಬಂದ ಮ್ಯಾಲೆ.”

ನಬೀಸಾಬ್ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಫೋನನ್ನು ಅದರ ತುದಿಯಿಂದ ಸತ್ತ ಹಲ್ಲಿಯನ್ನು ತಿರುವಿ ನೋಡುವಂತೆ ತಿರುವಿ ನೋಡಿದ. “ಅಂದ್ರ ಇದು ಖಾಲಿ ಟಂಟಂ,” ಎಂದ.

ಅಂದು ಸಂಜೆಯೊಳಗೆ ಫೋನ್ ಒಂದೂ ಹೋಗಲಿಲ್ಲ. ಆದರೆ ಅನುಮಾನ ಮಾತ್ರ ಬಿಸಿ ಭಜಿಯಂತೆ ಖರ್ಚಾಯಿತು. ಫೋನು ಮಾತು ಕೇಳುತ್ತದಂತೆ ಎಂಬುದು ಊರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸರ್ದಾರಬಿ ತನ್ನ ಹಳೆಯ ಫೋನನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಕಡ್ಲಿಹಿಟ್ಟಿನ ಡಬ್ಬಿಯೊಳಗೆ ಇಟ್ಟಳು. ಪಂಕ್ಚರ್ ತಿದ್ದುವ ದಾದೇಸಾಬ ಗಿರಾಕಿಗಳ ಜೊತೆ ಮಾತು ಬಿಟ್ಟು, ಎಷ್ಟು ತೂತು ಎಂಬುದನ್ನು ಬೆರಳಿನಲ್ಲಿ ತೋರಿಸತೊಡಗಿದ. ಹಳೆಯ ಫೋನಿನ ಮೇಲೇ ಇಷ್ಟು ಅನುಮಾನವಾದರೆ, ಅನುಮಾನವನ್ನು ಊರಿಗೆ ತಂದ ಹೊಸ ಫೋನಿನ ಮೇಲೆ ಎಷ್ಟಿರಬೇಡ!

ಮೂರನೇ ದಿನ ಒಬ್ಬ ಗಿರಾಕಿ ಸಿಕ್ಕ. ದಢೇಸುಗೂರಿನ ಮಲ್ಲೇಶ, ಭತ್ತದ ಗದ್ದೆಯವನು. ಕನಕರಾಯ ಅವನಿಗೆ ಕೈಮುಗಿದು ಫೋನ್ ಕೊಟ್ಟ. ಎರಡೇ ದಿನಕ್ಕೆ ಮಲ್ಲೇಶ ಕೈಮುಗಿದು ವಾಪಸ್ ತಂದ.

“ಅಣ್ಣಾ, ಫೋನ್ ಛಲೋ ಐತಿ. ಆದ್ರ ಇದ್ರಾಗ ನಾನೊಬ್ಬನ ಅದೀನಿ. ಮಗಳ ಸಾಲಿ ಗ್ರೂಪಿಲ್ಲ, ಸೊಸೈಟಿ ಗ್ರೂಪಿಲ್ಲ. ಮೊನ್ನೆ ಕಾಲುವಿಗೆ ನೀರು ಬಿಟ್ಟಾರಂತ ಗ್ರೂಪಿನ್ಯಾಗ ಹಾಕ್ಯಾರ. ಇಡೀ ಊರು ಗದ್ದಿಗೆ ನೀರು ತಿರುವಿಕೊಂಡೈತಿ. ನಾ ಫೋನ್ ಹಿಡಕೊಂಡು ಮನ್ಯಾಗ ಕುಂತೀನಿ. ನನ್ನ ಹೆಣ್ತಿ ಏನಂದ್ಲು ಗೊತ್ತೇನು? ‘ನಿಮ್ಮ ಫೋನು ಯಾರ ಮಾತೂ ಕೇಳಂಗಿಲ್ಲ ಖರೆ, ನಿಮಗೂ ಯಾರೂ ಏನೂ ಹೇಳಂಗಿಲ್ಲ’ ಅಂದ್ಲು.”

ಇಷ್ಟಾದ ಮೇಲೆ ಬೇರೆಯವನಾಗಿದ್ದರೆ ಮೂವತ್ತೂ ಫೋನನ್ನು ಡಬ್ಬಿಗೆ ತುಂಬಿ ಕಳಿಸುತ್ತಿದ್ದ. ಕನಕರಾಯ ಹಾಗೆ ಮಾಡಲಿಲ್ಲ. ಖಾಲಿ ಟಂಟಂ ಎಂದು ನಬೀಸಾಬ್ ಅಂದಿದ್ದು ಅವನ ತಲೆಯಲ್ಲಿ ಕೊರೆಯುತ್ತಿತ್ತು. ಖಾಲಿ ಟಂಟಂ ತುಂಬಿಸುವುದು ಅವನಿಗೆ ಗೊತ್ತಿಲ್ಲದ ವಿದ್ಯೆಯೇ?

ಈ ವಿದ್ಯೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಖಾಲಿ ಟಂಟಂಗೆ ಯಾರೂ ಹತ್ತುವುದಿಲ್ಲ. ಹತ್ತಿದರೆ ಅದು ತುಂಬುವ ತನಕ ಬಿಸಿಲಲ್ಲಿ ಬೇಯಬೇಕು. ಯಾರೂ ಹತ್ತದಿದ್ದರೆ ಅದು ತುಂಬುವುದಿಲ್ಲ, ತುಂಬದಿದ್ದರೆ ಹೊರಡುವುದಿಲ್ಲ, ಹೊರಡದ ಗಾಡಿಗೆ ಮತ್ತೆ ಯಾರೂ ಹತ್ತುವುದಿಲ್ಲ. ಅದಕ್ಕೆ ಮಸ್ಕಿಯ ಸ್ಟ್ಯಾಂಡಿನಲ್ಲಿ ಡಮ್ಮಿಗಳಿದ್ದಾರೆ. ಖಾಲಿ ಗಾಡಿಯಲ್ಲಿ ಮೊದಲು ಇವರು ನಾಲ್ಕೈದು ಮಂದಿ ಪ್ರಯಾಣಿಕರಂತೆ ಕೂರುತ್ತಾರೆ. ಕೂತವರನ್ನು ನೋಡಿ ಖರೇ ಮಂದಿ ಹತ್ತುತ್ತಾರೆ. ಗಾಡಿ ತುಂಬುತ್ತಲೇ ಡ್ರೈವರ್ ಎರಡು ಸಲ ಹಾರ್ನ್ ಹೊಡೆಯುತ್ತಾನೆ. ಡಮ್ಮಿಗಳು ಬೀಡಿ ನೆನಪಾದವರಂತೆ ಇಳಿದು ಮುಂದಿನ ಖಾಲಿ ಗಾಡಿಗೆ ಹೋಗಿ ಕೂರುತ್ತಾರೆ. ಇಳಿಯುವಾಗ ಸೀಟಿನ ಮೇಲಿನ ಏನನ್ನೂ ಒಯ್ಯಬಾರದು, ಅದು ಕಟ್ಟುನಿಟ್ಟು. ಸಂಬಳ ಚಹಾ ಮತ್ತು ಎರಡು ಮಿರ್ಚಿ.

ಈ ಡಮ್ಮಿಗಳಿಗೆಲ್ಲ ಗುರು ಬುಡ್ಡೇಸಾಬ್ ಮುತ್ಯಾ. ಹದಿನೆಂಟು ವರ್ಷದಿಂದ ಲಿಂಗಸುಗೂರಿನ ಗಾಡಿಯಲ್ಲಿ ಕೂತಿದ್ದ. ಲಿಂಗಸುಗೂರನ್ನು ನೋಡಿರಲಿಲ್ಲ. ಗಾಡಿಯಲ್ಲಿ ಕೂತು, ಗಡಿಯಾರವಿಲ್ಲದ ಮಣಿಕಟ್ಟು ನೋಡಿಕೊಂಡು, “ಹೊಡಿಯಪಾ ಗಾಡಿ, ಕೋರ್ಟಿಗೆ ಹೊತ್ತಾತು!” ಎಂದು ಅವನು ಗದರಿದರೆ, ಬೇರೆ ಊರಿಗೆ ಹೋಗಬೇಕಾದವರೂ ಅವಸರ ಬಿದ್ದು ಅದೇ ಗಾಡಿ ಹತ್ತುತ್ತಿದ್ದರು.

ಕನಕರಾಯ ಮುತ್ಯಾನನ್ನೂ ಇನ್ನೈದು ಡಮ್ಮಿಗಳನ್ನೂ ಕರೆದು ಕೈಗೊಂದು ಜಟಾಯು ಕೊಟ್ಟ. “ಏನೂ ಮಾಡಬ್ಯಾಡ್ರಿ. ಕಿವಿಗೆ ಹಚ್ಚಿಕೊಂಡು ಕುಂದ್ರ್ರಿ. ಮಂದಿ ನೋಡಲಿ.”

ಡಮ್ಮಿಗಳು ಧರ್ಮದಿಂದ ಕೂತರು. ಬುಡ್ಡೇಸಾಬ್ ಫೋನನ್ನು ತಲೆಕೆಳಗಾಗಿ ಕಿವಿಗೆ ಹಚ್ಚಿ, “ಆಹಾ, ಎಂಥಾ ಫೋನಪಾ! ಕಿವಿಗೆ ತಂಪು ಹತ್ತತೈತಿ!” ಎಂದು ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದ. ಫೋನು ಚಾಲೂ ಇರಲಿಲ್ಲ.

ಮಂದಿ ನೋಡಿದರು, ನಿಜ. ಆದರೆ ಮಂದಿ ನೋಡಿದ್ದನ್ನು ನೋಡಿದ ಹಾಗೇ ಬಿಡುತ್ತಾರೆಯೇ?

“ಬುಡ್ಡೇಸಾಬನ ಕೈಯಾಗ ಹೊಸಾ ಫೋನು! ಆ ಮನುಷ್ಯಾ ರೊಕ್ಕ ಕೊಟ್ಟು ಬೀಡಿನೂ ತಗೊಂಡೋನಲ್ಲ.”

“ಅಂದಮ್ಯಾಗ ಇದು ಸ್ಕೀಮು.”

“ಯಾರಿಗಂತ?”

“ಯಾರ್ಯಾರು ಅದಾರ ನೋಡು. ಮುದುಕರು, ಕೆಲಸ ಇಲ್ದೋರು, ಸುಮ್ನ ಕುಂತೋರು.”

ಸುಮ್ಮನೆ ಕೂತವರು ಮಸ್ಕಿಯಲ್ಲಿ ಏನು ಕಡಿಮೆಯೇ? ಮರುದಿನ ಕೋಳಿ ಕೂಗುವ ಹೊತ್ತಿಗೆ ತಿಮ್ಮವ್ವನ ಮನೆಯ ಮುಂದೆ ಸಾಲು ನಿಂತಿತು. ಎಲ್ಲರ ಕೈಯಲ್ಲೂ ಆಧಾರ್ ಕಾರ್ಡಿನ ಝೆರಾಕ್ಸ್, ರೇಶನ್ ಕಾರ್ಡಿನ ಝೆರಾಕ್ಸ್, ಎರಡೆರಡು ಫೋಟೊ. ಊರ ಝೆರಾಕ್ಸ್ ಮಷಿನ್ ಕಾದು ಕೆಂಪಾಗಿ ಬಂದಾಯಿತು.

ತಿಮ್ಮವ್ವ ಮಗನನ್ನು ಎಬ್ಬಿಸಿದಳು. “ಲೇ ಕನಕಾ, ಮಂದಿ ಅರ್ಜಿ ಹಿಡಕೊಂಡು ನಿಂತಾರ. ನಿನಗ ಯಾವ ಇಲಾಖಿ ಕೊಟ್ಟಾರಪಾ? ನನಗರ ಹೇಳಬಾರದೇನು?”

ಕನಕರಾಯ ಬನಿಯನ್ನಿನಲ್ಲೇ ಹೊರಗೆ ಬಂದು ಕಟ್ಟೆಯ ಮೇಲೆ ನಿಂತು ಅರಚಿದ. “ಇದು ಪುಕ್ಕಟೆ ಅಲ್ಲ! ಇವು ಮಾರೋ ಫೋನು! ರೊಕ್ಕ ಕೊಟ್ಟು ತಗೋಬೇಕು!”

ಸಾಲಿನ ಹಿಂದಿನಿಂದ ಒಂದು ದನಿ ಎದ್ದಿತು. “ಮಾರಾಕತ್ತಾನ್ರೋ! ಬಡವ್ರ ಫೋನು ಮಾರಾಕತ್ತಾನ!”

ಮಧ್ಯಾಹ್ನದೊಳಗೆ ಅರ್ಜಿ ತಯಾರಾಯಿತು. ‘ವೃದ್ಧರಿಗೂ ಸುಮ್ಮನೆ ಕುಳಿತವರಿಗೂ ಬಂದಿರುವ ಉಚಿತ ಫೋನುಗಳನ್ನು ಮಸ್ಕಿಯ ಟಂಟಂ ಚಾಲಕ ಕನಕರಾಯನು ನುಂಗಿರುತ್ತಾನೆ. ಸದರಿಯವನಿಂದ ಕಕ್ಕಿಸಿಕೊಡಬೇಕಾಗಿ ವಿನಂತಿ.’ ಕೆಳಗೆ ಅರವತ್ತು ಸಹಿ, ಹೆಬ್ಬೆಟ್ಟು. ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹಾರುತ್ತ ಹಾರುತ್ತ ಕೊನೆಗೆ ಬಂದು ಬಿದ್ದದ್ದು ಲಿಂಗಸುಗೂರಿನಲ್ಲಿ ಗಂಗಾಧರನ ಮೇಜಿನ ಮೇಲೆ. ನೌಕರಿಗೆ ಸೇರಿದ ಮೇಲೆ ಅವನು ಮೊದಲಿನಿಂದ ಕೊನೆಯವರೆಗೆ ಓದಿದ ಮೊದಲ ಕಾಗದ ಅದೇ. ಓದಿ, ಮಡಚಿ, ಎದೆಯ ಕಿಸೆಯಲ್ಲಿ ಇಟ್ಟುಕೊಂಡ. ಇಂಥದ್ದನ್ನು ಕಚೇರಿಯಲ್ಲಿ ಇಡಬಾರದು. ಮಂದಿಯ ಮುಂದೆ ತೆಗೆಯಬೇಕು.

ಅಷ್ಟರಲ್ಲಿ ಕಂಪನಿಯ ಗಡುವು ಮುಗಿಯುತ್ತ ಬಂತು. ಸಂಘಮಿತ್ರಾ ಫೋನ್ ಮಾಡಿದಳು. “ಕನಕರಾಯ ಅವ್ರ, ಬರೋ ಐತವಾರ ಲಿಂಗಸೂರಾಗ ಗ್ರಾಹಕರ ಮೇಳ ಇಟ್ಟೀವಿ. ಬೆಂಗಳೂರಿನಿಂದ ನಮ್ಮ ದೊಡ್ಡವರು ಪರದೆ ಮ್ಯಾಲೆ ನೋಡ್ತಾರ. ಮೂವತ್ತು ಮಂದಿ ಫೋನ್ ಹಿಡಕೊಂಡು ಕೈ ಎತ್ತಬೇಕು. ಹತ್ತು ಫೂಟಿನ ಬೋರ್ಡ್ ಬಂದದ. ಅವತ್ತ ಕೊಡ್ತೀನಿ.”

“ಬೋರ್ಡಿನ ಮ್ಯಾಲೆ ಏನಂತ ಬರದಾರ್ರೀ?”

“ಕನಕರಾಯ ಮೊಬೈಲ್ಸ್.”

ಕನಕರಾಯ ಆ ಎರಡು ಶಬ್ದವನ್ನು ಗಾಡಿಯಲ್ಲಿ ಹನ್ನೆರಡು ಸಲ ಗಟ್ಟಿಯಾಗಿ ಅಂದುಕೊಂಡ. ಆಮೇಲೆ ಸಿಂಧನೂರಿಗೆ ಹೆಂಡತಿಗೆ ಫೋನ್ ಹಚ್ಚಿದ. “ಐತವಾರ ನಿಮ್ಮಪ್ಪನ್ನೂ ಅವ್ವನ್ನೂ ಕರಕೊಂಡು ಲಿಂಗಸೂರಿಗೆ ಬಾ. ಆ ಸಾಲಗುಂದದ ಶರಣಬಸವನೂ ಬರಲಿ. ನಿನ್ನ ತಮ್ಮಗಂತೂ ಮುದ್ದಾಂ ಹೇಳು. ಹತ್ತು ಫೂಟಿನ ಬೋರ್ಡು!”

“ಕೂಸಿಗೆ ಈಗ ಒಂದು ಮಾರು ದೂರದಾಗಿಂದು ಕಾಣತೈತ್ರೀ,” ಎಂದಳು ದುರ್ಗಾದೇವಿ. “ಹತ್ತು ಫೂಟಿಂದು ಅದಕ್ಯಾಕ? ನಿಮ್ಮ ಮಾರಿ ಕಂಡಿದ್ರ ಸಾಕಿತ್ತು.”

ಕನಕರಾಯನಿಗೆ ಸಿಟ್ಟು ಬಂತು. ಫೋನ್ ಇಟ್ಟ.

ಮೂವತ್ತು ಮಂದಿ ಎಲ್ಲಿಂದ ತರುವುದು? ನಬೀಸಾಬ್ ಬೈಯುತ್ತಲೇ ಮಸ್ಕಿಯ ಇಡೀ ಡಮ್ಮಿ ಕುಲವನ್ನು ಕೂಡಿಸಿದ. ಲಿಂಗಸುಗೂರಿನ ಗಾಡಿಯ ಡಮ್ಮಿಗಳು, ಸಿಂಧನೂರಿನ ಗಾಡಿಯ ಡಮ್ಮಿಗಳು, ವಯಸ್ಸಾಗಿ ನಿವೃತ್ತರಾಗಿದ್ದವರು, ಈಗಷ್ಟೇ ಕೂರಲು ಕಲಿಯುತ್ತಿದ್ದವರು, ಎಲ್ಲ ಸೇರಿ ಬರೋಬ್ಬರಿ ಮೂವತ್ತು. ಮೂರು ಟಂಟಂ ಹೊರಟವು. ಅವತ್ತು ಡಮ್ಮಿಗಳನ್ನು ಇಳಿಸದೆ ಗಾಡಿ ಹೊರಟಿದ್ದನ್ನು ಕಂಡು ಸರ್ದಾರಬಿಯ ಕೈಯಲ್ಲಿನ ಝಾರಿ ಕೆಳಗೆ ಬಿತ್ತು.

ಲಿಂಗಸುಗೂರಿನಲ್ಲಿ ಇಳಿದ ಬುಡ್ಡೇಸಾಬ್ ಸುತ್ತ ನೋ‌ಡಿದ. ಅಂಗಡಿ, ಧೂಳು, ಬಸ್ಸು, ಮತ್ತೆ ಅಂಗಡಿ.

“ಇದ ಏನು ಲಿಂಗಸೂರು?” ಎಂದ. “ಹದಿನೆಂಟು ವರ್ಷ ಇದಕ್ಕ ಕುಂತಿದ್ನ್ಯಾ ನಾನು?”

ಮೇಳ ಇಟ್ಟದ್ದು ಬಸ್ ಸ್ಟ್ಯಾಂಡಿನ ಹತ್ತಿರದ ಸಣ್ಣ ಸಭಾಂಗಣದಲ್ಲಿ. ಮೂರು ಟಂಟಂ ಗೇಟಿನಲ್ಲೇ ಅಡ್ಡ ನಿಂತವು. ಒಳಗೆ ಮುಂದೆ ಒಂದು ಪರದೆ. ಅದರಲ್ಲಿ ಬೆಂಗಳೂರಿನ ಮೂವರು ದೊಡ್ಡವರ ಮುಖ. ಪರದೆಯ ಮಗ್ಗುಲಿಗೆ ಗೋಡೆಗೆ ಒರಗಿಸಿದ, ಕೆಂಪು ಬಟ್ಟೆ ಹೊದಿಸಿದ ಹತ್ತು ಫೂಟಿನ ಬೋರ್ಡು. ಅದರ ದಾರದ ತುದಿ ಕನಕರಾಯನ ಕೈಯಲ್ಲಿ. ಕುರ್ಚಿಗಳ ತುಂಬ ಮೂವತ್ತು ಡಮ್ಮಿಗಳು, ಮೂವತ್ತು ಜಟಾಯುಗಳು. ಹಿಂದಿನ ಸಾಲಿನಲ್ಲಿ ಮಾವ ಆದೆಪ್ಪ, ಅತ್ತೆ ಪಾರ್ವತೆಮ್ಮ, ಶರಣಬಸವ, ಮತ್ತು ಕೂಸನ್ನು ಎತ್ತಿಕೊಂಡ ದುರ್ಗಾದೇವಿ. ಅವಳ ಕಾಲ ಹತ್ತಿರ ಒಂದು ಬಟ್ಟೆ ಗಂಟು. ಗಂಗಾಧರ ಇನ್ನೂ ಬಂದಿರಲಿಲ್ಲ.

“ಈ ಫೋನ್ ಉಪಯೋಗ ಮಾಡೋರು ಕೈ ಎತ್ತರಿ,” ಎಂದಳು ಸಂಘಮಿತ್ರಾ.

ಮೂವತ್ತು ಕೈ ಎದ್ದವು. ಬೆಂಗಳೂರಿನವರ ಮುಖ ಅರಳಿತು. ಒಬ್ಬರು, “ಆ ಹಿರಿಯರು ಎರಡು ಮಾತು ಹೇಳಲಿ,” ಎಂದರು.

ಬುಡ್ಡೇಸಾಬ್ ಎದ್ದು ಗಂಟಲು ಸರಿ ಮಾಡಿಕೊಂಡ. “ನಾ ಹದಿನೆಂಟು ವರ್ಷದಿಂದ ಇದ್ರಾಗ ಕುಂದ್ರತೀನ್ರೀ. ಒಂದ ದಿನನೂ ತ್ರಾಸ ಆಗಿಲ್ಲ. ಹೊಡೀರಿ ಗಾಡಿ, ಕೋರ್ಟಿಗೆ ಹೊತ್ತಾತು!”

ಫೋನು ಹುಟ್ಟಿ ಒಂದು ವರ್ಷವೂ ಆಗಿರಲಿಲ್ಲ. ಆದರೂ ಬೆಂಗಳೂರಿನವರು ಇದನ್ನು ಬರೆದುಕೊಂಡರು. ಗ್ರಾಮೀಣ ಗ್ರಾಹಕರ ನಿಷ್ಠೆ ಎಂದರೆ ಇದೇ ಎಂದು ಅವರೊಳಗೊಬ್ಬರು ಇನ್ನೊಬ್ಬರಿಗೆ ಹೇಳಿದ್ದು ಸಭಾಂಗಣಕ್ಕೆಲ್ಲ ಕೇಳಿಸಿತು.

ಅಷ್ಟರಲ್ಲಿ ಸಂಘಮಿತ್ರಾಳ ಬ್ಯಾಗಿನೊಳಗೆ ಫೋನ್ ರಿಂಗಾಯಿತು. ಅವಳು ಅವಸರದಿಂದ ತೆಗೆದು ಬಂದ್ ಮಾಡಿದಳು. ಅದು ಜಟಾಯು ಆಗಿರಲಿಲ್ಲ. ಬೇರೆ ಯಾರ ಕಣ್ಣಿಗೂ ಬೀಳದ್ದು ನಬೀಸಾಬನ ಕಣ್ಣಿಗೆ ಬಿತ್ತು.

“ಲೇ ಕನಕ್ಯಾ,” ಎಂದು ಕಿವಿಯಲ್ಲಿ ಉಸುರಿದ, “ಡ್ರೈವರ್ ಮೇಡಮ್ಮಾರು ತಾವಾ ಬ್ಯಾರೆ ಗಾಡ್ಯಾಗ ಹೊಂಟಾರಲೋ!”

“ಸುಮ್ನಿರ್ರಿ ಚಾಚಾ,” ಎಂದ ಕನಕರಾಯ. ಅವನ ಒಳಕಿಸೆಯಲ್ಲೂ ಹಳೆಯ ಫೋನು ಗುಂಯ್‌ಗುಟ್ಟುತ್ತಿತ್ತು. ಸ್ಟ್ಯಾಂಡಿನ ವಾಟ್ಸಾಪ್ ಗ್ರೂಪಿನಲ್ಲಿ ಅವನ ಗಾಡಿಯ ಪಾಳಿ ಬಂದಿತ್ತು.

“ಈಗ ನಮ್ಮ ಲಿಂಗಸೂರ್ ಡೀಲರ್ ಬೋರ್ಡ್ ತೆರೀತಾರ,” ಎಂದಳು ಸಂಘಮಿತ್ರಾ. ಕನಕರಾಯ ಹಿಂದಿನ ಸಾಲಿನ ಕಡೆ ಒಮ್ಮೆ ನೋಡಿದ. ದುರ್ಗಾದೇವಿ ಕೂಸಿನ ಮುಖವನ್ನು ಅವನ ಕಡೆ ತಿರುಗಿಸಿದಳು. ಅವನು ದಾರವನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡು, ಎದೆಯುಬ್ಬಿಸಿ, ಎಳೆಯಲು ಕೈ ಎತ್ತಿದ.

ಅದೇ ಹೊತ್ತಿಗೆ ಗೇಟಿನ ಹೊರಗೆ, ಎದೆಯ ಕಿಸೆಯಲ್ಲಿ ಅರ್ಜಿ ಇಟ್ಟುಕೊಂಡು, ಹೊಸ ಸ್ಕೂಟರಿನ ಮೇಲೆ ಗಂಗಾಧರ ಬಂದ. ಒಳಗೆ ಹೋಗಬೇಕು, ಮೂರು ಟಂಟಂ ಅಡ್ಡ. ಸರ್ಕಾರಿ ನೌಕರ ಇಳಿದು ಗಾಡಿ ಸರಿಸುತ್ತಾನೆಯೇ?

ಪೀಂ-ಪೀಂ.

ಸಭಾಂಗಣದೊಳಗೆ ಮೂವತ್ತು ಡಮ್ಮಿಗಳು ಒಟ್ಟಿಗೆ ಎದ್ದರು.

ಕೈಯಲ್ಲಿದ್ದ ಫೋನುಗಳನ್ನು ಧರ್ಮದಿಂದ ಕುರ್ಚಿಗಳ ಮೇಲೆ ಇಟ್ಟು, ಬೀಡಿಗೆ ಕಿಸೆ ತಡವುತ್ತ, ಸಾಲಾಗಿ ಬಾಗಿಲು ದಾಟಿದರು. ಕೊನೆಗೆ ಹೋದವನು ಬುಡ್ಡೇಸಾಬ್. ಹೋಗುವ ಮುನ್ನ ಕುರ್ಚಿಯನ್ನು ಹೆಗಲ ವಸ್ತ್ರದಿಂದ ಒಮ್ಮೆ ಝಾಡಿಸಿದ. “ಮುತ್ಯಾ! ಏ ಮುತ್ಯಾ!” ಎಂದು ನಬೀಸಾಬ್ ಕೂಗಿದ. ಹದಿನೆಂಟು ವರ್ಷ ಹಾರ್ನು ಕೇಳಿದ ಕಿವಿಗೆ ಮನುಷ್ಯರ ಕೂಗು ಕೇಳುತ್ತದೆಯೇ?

ಪರದೆಯೊಳಗಿನಿಂದ ಒಂದು ದನಿ ಬಂತು. “ಹಲೋ? ಹಲೋ? ಕಸ್ಟಮರ್ಸ್ ಕಾಣಿಸ್ತಾ ಇಲ್ಲ. ನೆಟ್‌ವರ್ಕ್ ಪ್ರಾಬ್ಲಮ್ಮಾ?”

ಸಂಘಮಿತ್ರಾ ಪರದೆ ಬಂದ್ ಮಾಡಿದಳು. ಮೂವತ್ತು ಖಾಲಿ ಕುರ್ಚಿಗಳನ್ನು, ಅವುಗಳ ಮೇಲಿನ ಮೂವತ್ತು ಫೋನುಗಳನ್ನು ನೋಡಿದಳು. “ಕನಕರಾಯ ಅವ್ರ, ಇದ್ರಾಗ ಒಬ್ಬರರ ಖರೇ ಗಿರಾಕಿ ಇದ್ರೇನು?”

“ನಿಮ್ಮ ಬ್ಯಾಗಿನ್ಯಾಗಿನ ಫೋನು ಯಾವುದ್ರೀ ಮೇಡಮ್?”

ಸಂಘಮಿತ್ರಾ ಬ್ಯಾಗಿನ ಚೈನು ಎಳೆದು ಮುಚ್ಚಿದಳು. ಆಮೇಲೆ ಇಬ್ಬರೂ ಕೂಡಿಯೇ ಫೋನುಗಳನ್ನು ಡಬ್ಬಿಗೆ ತುಂಬಿದರು. ಬೋರ್ಡಿನ ಮೇಲಿನ ಕೆಂಪು ಬಟ್ಟೆಯನ್ನು ಯಾರೂ ತೆಗೆಯಲಿಲ್ಲ.

ಹೊರಗೆ ಇನ್ನೊಂದು ಅನಾಹುತ ನಡೆದಿತ್ತು. ಹಾರ್ನ್ ಕೇಳಿ ಎದ್ದ ಡಮ್ಮಿಗಳು ರೂಢಿಯ ಪ್ರಕಾರ ಬಸ್ ಸ್ಟ್ಯಾಂಡಿನ ಎದುರು ನಿಂತಿದ್ದ ಎರಡು ಖಾಲಿ ಟಂಟಂಗಳಲ್ಲಿ ಹೋಗಿ ಕೂತಿದ್ದರು. ಅವು ಮುದಗಲ್ಲಿನ ಗಾಡಿಗಳು. ಒಂದೇ ನಿಮಿಷದಲ್ಲಿ ಗಾಡಿ ತುಂಬಿದ್ದನ್ನು ಕಂಡ ಆ ಡ್ರೈವರುಗಳು ದೇವರಿಗೆ ಕೈಮುಗಿದು ಹೊರಟೇಬಿಟ್ಟರು. ಹಾರ್ನ್ ಹೊಡೆದ ಮೇಲೆ ಇಳಿದರಾಯಿತು ಎಂದು ಡಮ್ಮಿಗಳು ಕಾದರು. ಒಂದು ಗಾಡಿಯ ಹಾರ್ನು ಕೆಟ್ಟಿತ್ತು, ಇನ್ನೊಂದಕ್ಕೆ ಇರಲೇ ಇಲ್ಲ.

ಗಂಗಾಧರ ಅರ್ಜಿ ಹಿಡಿದುಕೊಂಡು ಸಭಾಂಗಣದ ಬಾಗಿಲಿಗೆ ಬಂದಾಗ ಒಳಗೆ ಮನೆಯವರನ್ನು ಬಿಟ್ಟರೆ ನೋಡಲು ಮಂದಿಯೇ ಇರಲಿಲ್ಲ. “ಏನಾತು? ಎಲ್ಲಾರೂ ಯಾಕ ಎದ್ದು ಹೋದ್ರು?”

ಆದೆಪ್ಪ ಮಗನನ್ನು ಮೇಲಿಂದ ಕೆಳಗೆ ನೋಡಿದ. “ಮಗನ, ನೀ ಈಗ ಗೇಟಿನ್ಯಾಗ ಏನ್ ಮಾಡಿದಿ?”

“ನಾನೇನ್ ಮಾಡೀನಪಾ? ಗಾಡಿ ಅಡ್ಡ ಇದ್ವು. ಹಾರ್ನ್ ಹೊಡದೆ. ಅಷ್ಟ!”

ಸಾಲಗುಂದದ ಶರಣಬಸವ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ತಲೆ ಅಲ್ಲಾಡಿಸಿದ. “ಅವತ್ತು ನನಗ ತಿಳಿದಿದ್ದಿಲ್ಲ ನೋಡಪಾ. ಅದೇನು ಸಣ್ಣ ಕೆಲಸ ಅಲ್ಲ.”

ದುರ್ಗಾದೇವಿ ಯಾರನ್ನೂ ಕೇಳಲಿಲ್ಲ. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಬಟ್ಟೆ ಗಂಟು ಹಿಡಿದು ಹೊರಗೆ ಬಂದು, ಗಂಡನ ಖಾಲಿ ಟಂಟಂ ಹತ್ತಿ ಕೂತಳು.

ಪಾರ್ವತೆಮ್ಮ ಗಾಬರಿಯಾದಳು. “ಅಯ್ಯ, ಅಳಿಯರು ಆಣಿ ಇಟ್ಟಾರಲ್ಲವ್ವ! ಬೋರ್ಡ್ ಏಳೋತನಾ ಕರಕೊಂಡು ಹೋಗಾಕ ಹೊಸ್ತಿಲ ತುಳಿಯಂಗಿಲ್ಲ ಅಂತ!”

“ಆಣಿ ಸಿಂಧನೂರ ಹೊಸ್ತಿಲದ್ದು,” ಎಂದಳು ದುರ್ಗಾದೇವಿ. “ಇದು ಲಿಂಗಸೂರು. ಇಲ್ಲಿ ಅವ್ರೇನು ತುಳದಿಲ್ಲ. ನಾನ ಬಂದೀನಿ.”

ಕನಕರಾಯ ಗಾಡಿಯ ಮುಂದೆ ಬಂದು ನಿಂತ. ಅಷ್ಟರಲ್ಲಿ ತರಕಾರಿ ಬುಟ್ಟಿಯ ಹೆಂಗಸೊಬ್ಬಳು ಹಸುಗೂಸಿನ ತಾಯಿ ಕೂತದ್ದನ್ನು ಕಂಡು, “ಮಸ್ಕಿಗೇನಣ್ಣ? ಈಗ ಬಿಡ್ತೀಯಲ್ಲ?” ಎಂದು ಹತ್ತಿದಳು. ಅವಳನ್ನು ಕಂಡು ಇಬ್ಬರು ಮುದುಕರು. ಮುದುಕರನ್ನು ಕಂಡು ರಸಗೊಬ್ಬರದ ಚೀಲದವನು. ಐದು ನಿಮಿಷದಲ್ಲಿ ಗಾಡಿ ತುಂಬಿತು. ಅವರೆಲ್ಲ ಖರೇ ಮಂದಿ ಹೌದೋ ಅಲ್ಲವೋ ಎಂದು ಕನಕರಾಯ ಒಬ್ಬೊಬ್ಬರ ಮುಖವನ್ನೂ ಅನುಮಾನದಿಂದ ನೋಡಿದ. ಕೊನೆಗೆ ಕೂಸಿನ ಮುಖ ನೋಡಿದ. ಅದು ಅವನನ್ನೇ ನೋಡುತ್ತಿತ್ತು.

ಗಂಗಾಧರ ಅರ್ಜಿ ಅಲ್ಲಾಡಿಸುತ್ತ ಓಡಿ ಬಂದ. “ಮಾವಾ! ಈ ಅರ್ಜಿಗೆ ನಾ ಏನಂತ ಷರಾ ಬರೀಲಿ? ಮಾವಾ, ಎಲ್ಲಾರೂ ನನ್ನ ಬೈಯಾಕತ್ತಾರ. ಹಾರ್ನ್ ಹೊಡದ್ರ ಏನ್ ತಪ್ಪೈತಿ? ನಾ ಏನ್ ಮಾಡೀನಿ, ನೀವರ ಹೇಳ್ರಿ!”

ಗೇಟಿನ ಮುಂದೆ ಒಂದು ಎಮ್ಮೆ ಬಂದು ಅಡ್ಡ ನಿಂತಿತ್ತು. ಹಾರ್ನು ಡ್ರೈವರ್ ಸೀಟಿನಿಂದ ಒಂದು ಗೇಣು ದೂರದಲ್ಲಿತ್ತು. ಹೊಡೆದರೆ ಗಾಡಿಯಲ್ಲಿ ಕೂತವರೊಳಗೆ ಯಾರು ಎದ್ದು ಇಳಿಯುತ್ತಾರೋ, ಹೇಳಲು ಬಾರದು. ಕನಕರಾಯ ಗಂಗಾಧರನ ಮಗ್ಗುಲಿನಿಂದ ಹಾದು, ಎಮ್ಮೆಯನ್ನು ಕೈಯಿಂದ ದಬ್ಬಲು ನಡೆದುಹೋದ.